ಮುಳುಗಿ ಸತ್ತವರು ಮರಳಿ ಬಂದು ಚಹಾ ಕುಡಿಯುವ ಕುರಿತು

ಪುಳಿಕ್ಕಡವು ಗ್ರಂಥಶಾಲೆ
ಅಭಿಪ್ರಾಯ ಉಪಸಮಿತಿ

ಸಂಖ್ಯೆ: ಪುಗ್ರಂ/ಅಭಿ/ಕಥೆ/07
ದಿನಾಂಕ: ಜುಲೈ 9

ವಿಷಯ: ಸದಸ್ಯರ ಕಥೆಗಳ ಬಗ್ಗೆ ಉಪಯೋಗಕ್ಕೆ ಬರುವ ಅಭಿಪ್ರಾಯ ನೀಡುವ ಕುರಿತು.

ಉಲ್ಲೇಖ: ಕಳೆದ ಭಾನುವಾರದ ಕಥಾವಾಚನ, ಚಹಾದಂಗಡಿಯ ಮಾಲೀಕ ಮೊಯ್ದುಕ್ಕನವರ ಮೌಖಿಕ ಟಿಪ್ಪಣಿ.

ಸದರಿ ಕಥಾವಾಚನಕ್ಕೆ ತಗುಲಿದ ವೆಚ್ಚ: ಪರಿಪ್ಪುವಡೆ (ಬೇಳೆವಡೆ) ಐವತ್ತೆರಡು, ಚಹಾ ಮೂವತ್ತೊಂಬತ್ತು, ಶಾಲು ಒಂದು, ಶುಭಾಶಂಸನೆಯ ಭಾಷಣ ಏಳು, ಒಟ್ಟು ಮೂರು ಗಂಟೆ. ದೊರೆತ ಉಪಯುಕ್ತ ಅಭಿಪ್ರಾಯ: ಒಂದು. ಅದನ್ನು ನೀಡಿದವರು ಸದಸ್ಯರಲ್ಲ.

ನಿವೃತ್ತ ನರ್ಸ್ ಭಾರ್ಗವಿ ಚೇಚಿಯವರು (ಊರಿಗೆಲ್ಲ ಅಕ್ಕ) ಒಂಬತ್ತು ವರ್ಷಗಳಿಂದ ಓಣಂ ವಿಶೇಷಾಂಕಕ್ಕೆ ಕಥೆ ಕಳುಹಿಸುತ್ತಿದ್ದು, ಒಂಬತ್ತೂ ಹಿಂತಿರುಗಿರುತ್ತವೆ. ಈ ಬಾರಿ ಕಳುಹಿಸುವ ಮೊದಲು ತಪ್ಪುಗಳನ್ನು ಹೇಳಬೇಕೆಂದು ಅವರು ಸಭೆಯನ್ನು ಕೋರಿದ್ದರು. ನೋಟೀಸಿನಲ್ಲಿ ಹೆಸರು ಅಚ್ಚಾದ ಏಳು ಮಂದಿಯೂ ಎದ್ದು ಶುಭ ಹಾರೈಸಿ ಕುಳಿತರು. ಅಧ್ಯಕ್ಷ ದಿವಾಕರನ್ ಮಾಷ್ (ಮೇಷ್ಟ್ರು) ಅವರು, "ಭಾರ್ಗವೀ, ಇದರಲ್ಲಿ ಒಂದಕ್ಷರ ಮುಟ್ಟುವ ಹಾಗಿಲ್ಲ" ಎಂದು ಶಾಲು ಹೊದಿಸಿದರು. ತರುವಾಯ ಲೋಟ ಒಟ್ಟುಮಾಡುತ್ತಿದ್ದ ಮೊಯ್ದುಕ್ಕನವರು, "ಅಲ್ಲ ಚೇಚಿ, ದೋಣಿಯವ ಮುಳುಗಿ ಸತ್ತ ಅಂದ್ರಿ. ಆಮೇಲೆ ಬಂದು ಚಹಾ ಕುಡಿದು ಹೋದದ್ದು ಯಾರು? ನಾನು ದುಡ್ಡು ಯಾರ ಹತ್ರ ಕೇಳ್ಲಿ?" ಎಂದು ವಿಚಾರಿಸಿರುತ್ತಾರೆ.

ಆದುದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ:

1. "ಚೆನ್ನಾಗಿದೆ", "ತುಂಬಾ ಚೆನ್ನಾಗಿದೆ" ಎನ್ನುವುದನ್ನೂ ಕಣ್ಣು ಮುಚ್ಚಿ ತಲೆಯಾಡಿಸುವುದನ್ನೂ ಅಭಿಪ್ರಾಯವೆಂದು ಪರಿಗಣಿಸಲಾಗುವುದಿಲ್ಲ. ನಿದ್ದೆಯಿಂದ ಎದ್ದು ಮಾತನಾಡುವವರು ಅದನ್ನು ಮೊದಲೇ ತಿಳಿಸತಕ್ಕದ್ದು.

2. ಶಾಲನ್ನು ಅಭಿಪ್ರಾಯದ ನಂತರವೇ ಹೊದಿಸತಕ್ಕದ್ದು. ಶಾಲು ಹೊದ್ದು ಕುಳಿತವರಿಗೆ ತಪ್ಪು ಹೇಳಲು ಯಾರಿಗೂ ಬಾಯಿ ಬಾರದೆಂಬುದು ಅನುಭವದಿಂದ ತಿಳಿದುಬಂದಿದೆ.

3. ಅಭಿಪ್ರಾಯ ಹೇಳಲು ಎದ್ದು ತಮ್ಮದೇ ಕಥೆಯ ಸಾರಾಂಶ ಹೇಳುವವರ ಮುಂದಿನ ವಡೆಯನ್ನು ಎರಡನೇ ನಿಮಿಷಕ್ಕೆ ತೆಗೆಯತಕ್ಕದ್ದು. ನಾಲ್ಕನೇ ನಿಮಿಷಕ್ಕೆ ಕುರ್ಚಿಯನ್ನು.

4. ಕಥೆಗಾರರ ಮನೆಯ ಮದುವೆಯಲ್ಲಿ ಉಂಡವರು, ಅವರ ಕೈಯಿಂದ ಇಂಜೆಕ್ಷನ್ ಚುಚ್ಚಿಸಿಕೊಂಡವರು ಮತ್ತು ಮುಂದಿನ ಭಾನುವಾರ ಸ್ವತಃ ಓದಲಿರುವವರು ಅಭಿಪ್ರಾಯ ನೀಡಲು ಅನರ್ಹರು. ಈ ಲೆಕ್ಕದಲ್ಲಿ ಊರಿನಲ್ಲಿ ಯಾರೂ ಉಳಿಯದ ಕಾರಣ ಈ ನಿಯಮವನ್ನು ಈ ವಾಕ್ಯದ ಮೂಲಕ ಹಿಂಪಡೆಯಲಾಗಿದೆ.

5. ತಪ್ಪು ತೋರಿಸಿದಾಗ "ಅದು ಬೇಕೆಂದೇ ಹಾಗೆ ಬರೆದದ್ದು" ಎನ್ನಲು ಪ್ರತಿ ಕಥೆಗಾರರಿಗೆ ವರ್ಷಕ್ಕೊಮ್ಮೆ ಅವಕಾಶವಿರುತ್ತದೆ. ಬಳಸದ ಅವಕಾಶವನ್ನು ಮುಂದಿನ ವರ್ಷಕ್ಕೆ ಸೇರಿಸಲಾಗುವುದಿಲ್ಲ; ಹೆಂಡತಿಯ ಹೆಸರಿಗೂ ವರ್ಗಾಯಿಸಲಾಗುವುದಿಲ್ಲ.

6. ಕಥೆಯಲ್ಲಿ ಸತ್ತವರ ಪಟ್ಟಿಯನ್ನು ವಾಚನದ ವೇಳೆ ಗೋಡೆಗೆ ಅಂಟಿಸತಕ್ಕದ್ದು. ಪಟ್ಟಿಯಲ್ಲಿರುವವರಿಗೆ ಚಹಾ, ಬೀಡಿ ಹಾಗೂ ಎರಡನೇ ಮದುವೆಯನ್ನು ನಿಷೇಧಿಸಲಾಗಿದೆ. ದೆವ್ವವಾಗಿ ಬರಲಿಚ್ಛಿಸುವವರು ಮೊದಲ ಪುಟದಲ್ಲೇ ಅನುಮತಿ ಪಡೆದಿರತಕ್ಕದ್ದು.

ಮೊಯ್ದುಕ್ಕನವರು ಕೊನೆಯ ಲೋಟ ಎತ್ತುವವರೆಗೆ ಯಾವ ಸಭೆಯೂ ಮುಗಿದಂತಲ್ಲ.

(ಸಹಿ)
ಸಂಚಾಲಕರು, ಅಭಿಪ್ರಾಯ ಉಪಸಮಿತಿ

ಪ್ರತಿಗಳು:

ದಿವಾಕರನ್ ಮಾಷ್ ಅವರಿಗೆ: ಚಹಾ ಕುಡಿಯುವ ದೃಶ್ಯವನ್ನೇ "ಸಾವನ್ನು ಗೆದ್ದ ಬದುಕು" ಎಂದು ಹೊಗಳಿದ ತಮ್ಮ ಭಾಷಣವನ್ನು ಹಿಂತಿರುಗಿಸಲಾಗಿದೆ.

ಮೊಯ್ದುಕ್ಕನವರಿಗೆ: ಈ ಸುತ್ತೋಲೆಯಲ್ಲಿನ ತಪ್ಪುಗಳನ್ನು ಹೇಳುವ ಸಲುವಾಗಿ.

ಭಾರ್ಗವಿ ಚೇಚಿಯವರಿಗೆ: ತಿದ್ದಿದ ಕಥೆಯನ್ನು ಇಂದು ಅಂಚೆಗೆ ಹಾಕಲಾಗಿದೆ. ಎರಡು ಪುಟ ತೆಗೆದುಹಾಕಲಾಗಿದೆ. ತಾವು ಹಿಂತಿರುಗಿಸಿದ ಶಾಲು ಕಪಾಟಿನಲ್ಲಿದೆ. ದೋಣಿಯವ ಈಗ ಸತ್ತವನು ಸತ್ತೇ ಇದ್ದಾನೆ. ಕಥೆಯ ನಕಲು ತೆಗೆಯುವಾಗ ಮೇಲೆ ಸಹಿ ಮಾಡಿರುವವರಿಗೆ ಅಳು ಬಂದಿರುತ್ತದೆ.