ಮಾವನವರ ಮಾತಿಗೆ ಒಂದು ಕಿಲೋ ಸಕ್ಕರೆ

ನಾನು ಮಾಡುವ ಬಿಯರ್ ಕೆಟ್ಟದ್ದು ಎಂಬುದು ಇಡೀ ಬ್ಯಾಲರಾಟ್ ಊರಿಗೇ ಗೊತ್ತು. ಅದು ಹೇಗೆ ಕೆಟ್ಟಿತು ಎಂಬುದು ಮಾತ್ರ ನನಗೆ, ನನ್ನ ಹೆಂಡತಿ ನೊರೀನಳಿಗೆ, ಈಗ ನಿಮಗೆ. (ದಯವಿಟ್ಟು ನಿಮ್ಮಲ್ಲೇ ಇರಲಿ.)

ಮೂವತ್ತೈದು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತನಾದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಬಿಯರ್ ಮಾಡುವ ಹವ್ಯಾಸ ಹಿಡಿದೆ. ಅದೇ ಚಳಿಗಾಲದಲ್ಲಿ ಅತ್ತೆ ಐವಿ ತೀರಿಕೊಂಡರು. ಒಬ್ಬಂಟಿಯಾದ ಮಾವ ಆರ್ಚಿ ಟ್ರೆಲೋರ್ ಅವರನ್ನು ನಮ್ಮಲ್ಲಿಗೇ ಕರೆತಂದೆವು. ಎಂಬತ್ತಾರು ವರ್ಷದ ಮನುಷ್ಯ. ಊರಿನ ಹಳೆಯ ಬಿಯರ್ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿಯ ಹುದುಗಿನ ತೊಟ್ಟಿಗಳನ್ನು ಮಕ್ಕಳಂತೆ ನೋಡಿಕೊಂಡವರು. ಬಂದವರೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ನಾಲ್ಕು ತಿಂಗಳು "ಹ್ಞೂಂ", "ಬೇಡ" ಬಿಟ್ಟರೆ ಮೂರನೆಯ ಮಾತಿಲ್ಲ. ತಟ್ಟೆಗೆ ಹಾಕಿದ್ದು ಹಾಕಿದಂತೆಯೇ ವಾಪಸ್ಸು. ನೊರೀನ್ ದಿನವೂ ಅವರೆದುರು ಕೂತು ಫುಟ್‌ಬಾಲ್, ಹವಾಮಾನ, ಪಕ್ಕದ ಮನೆಯ ನಾಯಿ, ಎಲ್ಲದರ ವರದಿ ಒಪ್ಪಿಸುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು.

ಹೀಗಿರುವಾಗ ನನ್ನ ಚೊಚ್ಚಲ ಬಿಯರ್ ಸಿದ್ಧವಾಯಿತು. ಅಂಗಡಿಯಿಂದ ತಂದ, ಮೊಳಕೆ ಬಾರ್ಲಿಯಿಂದ ಮಾಡಿದ ಮಾಲ್ಟ್ ಪಾಕದ ಡಬ್ಬಿ, ಒಂದು ಕಿಲೋ ಬಿಳಿ ಸಕ್ಕರೆ, ಬಕೆಟ್ ತುಂಬ ನೀರು, ಒಂದು ಪೊಟ್ಟಣ ಈಸ್ಟ್. ಭಾನುವಾರದ ಊಟಕ್ಕೆ ಮಾವನವರ ಮುಂದೆ ಒಂದು ಲೋಟ ಇಟ್ಟೆ. ಅವರು ಒಂದು ಗುಟುಕು ಕುಡಿದರು. ಮುಖ ಹಿಂಡಿಕೊಂಡಿತು.

"ಇದನ್ನ ಯಾರು ಮಾಡಿದ್ದು?"

ನೊರೀನಳ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

"ನಾನೇ, ಮಾವ," ಎಂದೆ.

"ಬಿಳಿ ಸಕ್ಕರೆ ಸುರಿದಿದೀಯಾ?"

"ಒಂದೇ ಕಿಲೋ."

"ಒಂದೇ ಕಿಲೋ ಅಂತೆ! ಲೋ ಕ್ಲೈವ್, ಈಸ್ಟು ಆ ಸಕ್ಕರೇನೆಲ್ಲ ತಿಂದು ಮೂತಿ ಒರೆಸ್ಕೊಂಡು ಹೋಗಿದೆ. ನಿನಗೆ ಅಂತ ಏನೂ ಉಳಿಸಿಲ್ಲ. ಬಾಯಿಗೆ ಸಿಗೋ ಮೈಯಿಲ್ಲ, ನೊರೆಯಿಲ್ಲ. ಸೇಬಿನ ಸಿಪ್ಪೆ ತೊಳೆದ ನೀರು ಇದು! ನಮ್ಮ ಕಾರ್ಖಾನೇಲಿ ಇದನ್ನ ಹಂದಿಗೆ ಹಾಕಿದ್ರೆ ಹಂದಿ ಸಾಕಿದೋನು ಜಗಳಕ್ಕೆ ಬರ್ತಿದ್ದ."

ಇಪ್ಪತ್ತು ನಿಮಿಷ ಬೈದರು. ನಡುವೆ ಎರಡು ಆಲೂಗಡ್ಡೆ ಹೆಚ್ಚಿಗೆ ಹಾಕಿಸಿಕೊಂಡರು. ಐವಿಯನ್ನು ಮೊದಲ ಸಲ ನೋಡಿದ್ದು ಕಾರ್ಖಾನೆಯ ಗೇಟಿನ ಹತ್ತಿರ ಎಂದೂ ಹೇಳಿದರು. ನನಗೆ ಕೇಳಿಸಿದ್ದು ಹಂದಿಯ ಮಾತು ಮಾತ್ರ.

ಮಾರನೆಯ ದಿನವೇ ನಾನು ಘನವಾದ ಶರ್ಕರಾ ಸಂಶೋಧನೆಗೆ ಇಳಿದೆ. ಅಂಗಡಿಯವನನ್ನು ಕಾಡಿ ಬೇಡಿ ಮೂರು ಬಗೆಯ ಪುಡಿಗಳನ್ನು ತಂದೆ. ಡೆಕ್ಸ್‌ಟ್ರೋಸ್ ಎಂಬುದನ್ನು ಈಸ್ಟು ಸಲೀಸಾಗಿ ತಿಂದು ಮುಗಿಸುತ್ತದೆ, ಒಗರು ಉಳಿಸುವುದಿಲ್ಲ. ಮಾಲ್ಟ್ ಪುಡಿ ರುಚಿ ಕೊಡುತ್ತದೆ. ಮೂರನೆಯದು ಮಾಲ್ಟೋಡೆಕ್ಸ್‌ಟ್ರಿನ್; ಇದನ್ನು ಈಸ್ಟು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಹಾಗಾಗಿ ಅದು ಬಿಯರಿನಲ್ಲೇ ಉಳಿದು ಮೈಕಟ್ಟು, ನೊರೆ ಎರಡನ್ನೂ ಕೊಡುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದೆ. ಅರ್ಧ ಮಾಲ್ಟ್, ಕಾಲು ಡೆಕ್ಸ್‌ಟ್ರೋಸ್, ಕಾಲು ಮಾಲ್ಟೋಡೆಕ್ಸ್‌ಟ್ರಿನ್. ಔಷಧಿ ಅಂಗಡಿಯವರಂತೆ ತೂಗಿ, ಮುಚ್ಚಳದ ಡಬ್ಬಿಗೆ ತುಂಬಿ ಹಿಂದಿನ ದಿನವೇ ಶೆಡ್ಡಿನಲ್ಲಿಟ್ಟೆ. ಮರುದಿನ ಬಿಸಿನೀರಿಗೆ ಸುರಿದೆ. (ಸುರಿಯುವಾಗ ಹಬೆಗೆ ಕನ್ನಡಕ ಮಂಜಾಗಿರುತ್ತದೆ, ಏನೂ ಕಾಣುವುದಿಲ್ಲ. ಇದನ್ನು ನೆನಪಿಡಿ.)

ಆರು ವಾರದ ಮೇಲೆ ಮಾವನವರು ಕುಡಿದರು.

"ಮತ್ತೆ ಸಕ್ಕರೆ!"

"ಇಲ್ಲ ಮಾವ, ಒಂದು ಕಾಳೂ ಇಲ್ಲ!"

"ಸುಳ್ಳು ಬೇರೆ ಹೇಳ್ತಾನೆ. ನೊರೀನ್, ಇವನು ಅಂಚೇನಾದ್ರೂ ಸರಿಯಾದ ಮನೆಗೆ ಹಾಕ್ತಿದ್ನೋ ಇಲ್ವೋ?"

ಆ ದಿನ ಅವರು ಮೂರು ಗಂಟೆ ಮಾತಾಡಿದರು. ನಾನು ಪ್ರಮಾಣ ಬದಲಿಸಿದೆ, ಇನ್ನೊಮ್ಮೆ ಮಾಡಿದೆ. ಮತ್ತೆ ಅದೇ ಸೇಬಿನ ಸಿಪ್ಪೆ. ನನ್ನ ಬಿಯರಿನಲ್ಲಿ ನೊರೆ ನಿಲ್ಲಲಿಲ್ಲ, ನನ್ನ ಮನೆಯಲ್ಲಿ ನೊರೀನಳ ನಗು ನಿಲ್ಲಲಿಲ್ಲ. ಹೆಂಡತಿಗೆ ನನ್ನ ಸೋಲು ಇಷ್ಟು ಖುಷಿ ಕೊಡುತ್ತದೆಯೇ ಎಂದು ಒಳಗೊಳಗೇ ನೊಂದೆ.

ನಾಲ್ಕನೆಯ ಬಿಯರಿಗೆ ಡಬ್ಬಿ ಸುರಿದ ಮೇಲೆ ಕನ್ನಡಕ ಒರೆಸಿಕೊಂಡು ನೋಡುತ್ತೇನೆ, ಡಬ್ಬಿಯ ಮೂಲೆಯಲ್ಲಿ ಹೊಳೆಯುವ ಹರಳುಗಳು. ನಾಲಗೆಗೆ ಹಚ್ಚಿದೆ. ಅಪ್ಪಟ ಬಿಳಿ ಸಕ್ಕರೆ.

ಡಬ್ಬಿ ಹಿಡಿದು ಅಡುಗೆಮನೆಗೆ ನುಗ್ಗಿದೆ.

"ನೊರೀನ್, ನನ್ನ ಮಾಲ್ಟ್ ಎಲ್ಲಿ?"

ಅವಳು ತಲೆ ಎತ್ತಲಿಲ್ಲ. "ನೀನು ಬೆಳಗ್ಗೆ ತಿಂದ ಬ್ರೆಡ್ಡಲ್ಲಿ. ಹೋದ ವಾರದ ಕೇಕಲ್ಲಿ. ಚೆನ್ನಾಗಿದೆ ಅಂತ ಮೂರು ತುಂಡು ಹಾಕಿಸ್ಕೊಂಡ್ಯಲ್ಲ?"

"ನಾಲ್ಕು ಸಲವೂ ನೀನೇನಾ?"

"ಮೂರು ಸಲ. ಮೊದಲ್ನೇದನ್ನ ನೀನೇ ಕೆಡಿಸಿದ್ದು." ಆಮೇಲೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಕ್ಲೈವ್, ನಿನ್ನ ಬಿಯರ್ ಕೆಟ್ರೇನೇ ಅಪ್ಪ ಮಾತಾಡೋದು. ಅಮ್ಮನ ಹೆಸರು ಬಾಯಲ್ಲಿ ಬರೋದು ಆವಾಗ ಮಾತ್ರ. ನೀನು ಗಮನಿಸಲೇ ಇಲ್ವಾ?"

ಗಮನಿಸಿರಲಿಲ್ಲ. ಆದರೂ ಗಂಡಸಿನ ಅಭಿಮಾನ ನೋಡಿ, ಒಪ್ಪಿಕೊಳ್ಳಲಿಲ್ಲ. "ಒಳ್ಳೇ ಬಿಯರ್ ಕುಡಿದ್ರೆ ಇನ್ನೂ ಚೆನ್ನಾಗಿ ಮಾತಾಡ್ತಾರೆ, ನೋಡ್ತಿರು!" ಎಂದು ಸವಾಲು ಹಾಕಿದೆ. ಸಕ್ಕರೆ ಬಿದ್ದ ನೀರನ್ನೆಲ್ಲ ಚೆಲ್ಲಿದೆ. ಹೊಸ ಮಾಲ್ಟ್ ತಂದು, ಶೆಡ್ಡಿಗೆ ಬೀಗ ಜಡಿದು, ಬೀಗದ ಕೈಯನ್ನು ಕಾಲುಚೀಲದಲ್ಲಿಟ್ಟುಕೊಂಡು ಮತ್ತೆ ಮಾಡಿದೆ.

ಅದು ಬಿಯರ್! ಹಳೆಯ ಚಿನ್ನದ ಬಣ್ಣ. ಲೋಟದ ಅಂಚಿಗೆ ಕೆನೆಯಂತೆ ಕೂತ ನೊರೆ. ಮಾವನವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ನಿಧಾನವಾಗಿ ಪೂರ್ತಿ ಕುಡಿದರು.

"ಚೆನ್ನಾಗಿದೆ," ಎಂದರು.

ಅಷ್ಟೇ. ಲೋಟ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು.

ಸೋಮವಾರ "ಹ್ಞೂಂ". ಮಂಗಳವಾರ "ಬೇಡ". ಬುಧವಾರ ತಟ್ಟೆ ಮುಟ್ಟಲೇ ಇಲ್ಲ. ಅಡುಗೆಮನೆಯಿಂದ ನಲ್ಲಿಯ ಸದ್ದು ಮತ್ತೆ ಕೇಳತೊಡಗಿತು. ಶೆಡ್ಡಿನಲ್ಲಿ ನನ್ನ ಜೀವಮಾನದ ಅತ್ಯುತ್ತಮ ಬಿಯರಿನ ಸಾಲು ನಿಂತಿತ್ತು. ಅದನ್ನು ನೋಡಿದರೆ ನನಗೆ ಯಾರದೋ ಸಾವಿನ ಮನೆಯ ಹೂಗುಚ್ಛ ನೋಡಿದಂತಾಗುತ್ತಿತ್ತು.

ಗುರುವಾರ ಮಧ್ಯಾಹ್ನ, ಹಿಂದೆ ಕೆಟ್ಟುಹೋಗಿದ್ದ ಬಾಟಲಿಗಳಲ್ಲಿ ಉಳಿದಿದ್ದ ಒಂದನ್ನು ತಂದು ಬಗ್ಗಿಸಿದೆ. "ಇದು ಹೊಸದು ಮಾವ," ಎಂದು ಸುಳ್ಳು ಹೇಳಿದೆ.

ಒಂದು ಗುಟುಕು.

"ಲೋ! ಹೋದ ಸಲ ಸರಿಯಾಗಿ ಮಾಡಿದ್ಯಲ್ಲೋ! ಬುದ್ಧಿ ಎಲ್ಲಿ ಬಿಟ್ಟು ಬಂದೆ? ಇಲ್ಲಿ ಬಾ, ಕೂತ್ಕೋ. ನೊರೀನ್, ನನಗೆ ಹಸಿವಾಗ್ತಿದೆ. ಇವನಿಗೆ ಮೊದಲಿಂದ ಹೇಳ್ಕೊಡಬೇಕು."

ಅವರು ಮೊದಲಿಂದ ಹೇಳಿಕೊಡುತ್ತಿರುವಾಗಲೇ ಹೆಂಡತಿ ನನ್ನ ಹಿಂದೆ ಬಂದು ನಿಂತು ಹೆಗಲ ಮೇಲೆ ಕೈಯಿಟ್ಟಳು. ಮಾರನೆಯ ದಿನ ನಾನೇ ಹೋಗಿ ಬಿಳಿ ಸಕ್ಕರೆ ತಂದೆ.

ಮಾವನವರ ಬೈಗುಳದ ಸುದ್ದಿ ಊರಿನ ಬಿಯರ್ ಹವ್ಯಾಸಿಗಳ ಸಂಘಕ್ಕೂ ಮುಟ್ಟಿತು. ಮೊನ್ನೆ ಭಾನುವಾರ ಮಧ್ಯಾಹ್ನ ಅವರ ಸಭಾಂಗಣದಲ್ಲಿ ಮಾವನವರ ಉಪನ್ಯಾಸ: ಸಕ್ಕರೆಯಿಂದಾಗುವ ಅನಾಹುತಗಳು. ಅವರೇ ಗಡ್ಡ ಹೆರೆದುಕೊಂಡು, ಟೈ ಕಟ್ಟಿಕೊಂಡು ಹೊರಟಿದ್ದರು. ಉದಾಹರಣೆಗೆ ನನ್ನ ಬಿಯರ್, ಬಗ್ಗಿಸಲು ನಾನು. ಮೂವತ್ತು ಜನ ಸಾಲಾಗಿ ಕುಡಿದು ಸಾಲಾಗಿ ಮುಖ ಹಿಂಡಿದರು. ಮಾವನವರು ಮುಕ್ಕಾಲು ಗಂಟೆ ನಿಂತೇ ಮಾತಾಡಿದರು. ಹಿಂದಿನ ಸಾಲಿನಲ್ಲಿ ಕೂತ ನೊರೀನ್ ಕರವಸ್ತ್ರ ತೆಗೆದಳು. ಈ ಸಲ ನಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕೊನೆಗೆ ಒಬ್ಬ ಹೆಂಗಸು ಎದ್ದು ನಿಂತು ನನ್ನತ್ತ ಮರುಕದಿಂದ ನೋಡಿ ಕೇಳಿದಳು: "ಈ ಮನುಷ್ಯ ಒಂದ್ಸಲನಾದ್ರೂ ಒಳ್ಳೇ ಬಿಯರ್ ಮಾಡಿದಾನಾ?"

ಮಾವನವರು ನನ್ನ ಕಡೆ ತಿರುಗಿದರು.

"ಒಂದೇ ಸಲ ಮಾಡಿದ್ದ," ಎಂದರು. "ಅದರ ಬಗ್ಗೆ ಮಾತಾಡೋಕೆ ಏನೂ ಇರಲಿಲ್ಲ."