ಲಾಡಿ ಸಿಕ್ಕಿದ ಸುದ್ದಿ

ಬ್ರಹ್ಮಚಾರಿಗೆ ಮನೆ ಬಾಡಿಗೆಗೆ ಕೊಡುವವರು ಅವನ ಸಂಬಳ ಕೇಳುವುದಿಲ್ಲ, ಮದುವೆ ಯಾವಾಗ ಎಂದು ಕೇಳುತ್ತಾರೆ. ಅಹಮದಾಬಾದಿನ ನವರಂಗಪುರದಲ್ಲಿ ನನಗೆ ಕೋಣೆ ಕೊಟ್ಟ ಕಾಂತಾ ಮಾಸಿಯೂ ದೀಪಾವಳಿಯೊಳಗೆ ಹುಡುಗಿ ಗೊತ್ತಾಗದಿದ್ದರೆ ಕೋಣೆ ಖಾಲಿ ಮಾಡಬೇಕು ಎಂದಿದ್ದರು. ನನಗೋ ಹುಡುಗಿ ಹುಡುಕಲು ಪುರುಸೊತ್ತಿಲ್ಲ. ಊರಂಚಿನ ಗುಳ್ಳೆನರಿಗಳ ಹೊಟ್ಟೆಯಲ್ಲಿ ಲಾಡಿಹುಳು ಯಾಕೆ ಹೆಚ್ಚುತ್ತಿದೆ ಎಂದು ಹುಡುಕುವುದು ನನ್ನ ನೌಕರಿ. ಪೈಜಾಮದ ಲಾಡಿಯಂತೆ ಉದ್ದಕ್ಕಿರುವುದರಿಂದ ಅದಕ್ಕೆ ಆ ಹೆಸರು. ಇದನ್ನು ಹೇಳಿಕೊಂಡು ಯಾರ ಮನೆಗೆ ಹೆಣ್ಣು ನೋಡಲು ಹೋಗಲಿ?

ಒಂದು ಸಂಜೆ ಮಾಸಿಯ ಫೋನಿನಿಂದ ಬರೋಡದಲ್ಲಿದ್ದ ನಮ್ಮ ಲ್ಯಾಬಿನ ಮೇಡಮ್ಮಿಗೆ ಸುದ್ದಿ ಮುಟ್ಟಿಸಿದೆ. ಅವರೂ ಕನ್ನಡದವರೇ. "ಕೊನೆಗೂ ಲಾಡಿ ಸಿಕ್ತು ಮೇಡಂ. ಫುಲ್ ವೈಟ್ ಇದೆ. ನಾಳೆ ಬರೋಡಕ್ಕೆ ತರ್ತೀನಿ." ಫೋನಿಟ್ಟು ತಿರುಗಿದರೆ ಮಾಸಿ ತಟ್ಟೆಯಲ್ಲಿ ಪೇಡಾ ಹಿಡಿದು ನಿಂತಿದ್ದಾರೆ. ಗುಜರಾತಿಯಲ್ಲಿ ಲಾಡಿ ಎಂದರೆ ಮದುಮಗಳು ಎಂಬುದು ನನಗೆ ಗೊತ್ತಿರಲಿಲ್ಲ.

"ಲಾಡಿ ಕಹಾಂ ಕೀ ಹೈ, ಬೇಟಾ?" ಎಂದರು. ಹುಳ ಎಲ್ಲಿಯದು ಎಂದು ಕೇಳುತ್ತಿದ್ದಾರೆ ಅಂದುಕೊಂಡೆ.

ನನ್ನ ಕೆಲಸದ ಬಗ್ಗೆ ಇಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲ. ನಾನು ಉಬ್ಬಿಹೋದೆ. ನನ್ನ ಹರಕು ಹಿಂದಿಯಲ್ಲಿ, "ಇಲ್ಲಿಯದೇ ಮಾಸಿ, ಕಸದ ಗುಡ್ಡದ ಹತ್ತಿರ ಸಿಕ್ಕಿತು" ಎಂದೆ.

"ಮನೆಯವರು ಯಾರು?"

"ಗುಳ್ಳೆನರಿ. ಲಾರಿಗೆ ಸಿಕ್ಕಿ ಸತ್ತುಹೋಯಿತು."

ಮಾಸಿ ತಟ್ಟೆ ಕೆಳಗಿಟ್ಟರು. ನಾನು ಕೋಣೆಯಿಂದ ಹುಳದ ಸೀಸೆಯನ್ನೇ ತಂದು ತೋರಿಸಿ ವಿವರಿಸಿದೆ. ಬೀದಿನಾಯಿಯ ಹೇಲಿನಿಂದ ಹುಳದ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ದನಕ್ಕೆ. ಸತ್ತ ದನವನ್ನು ಕಸದ ಗುಡ್ಡಕ್ಕೆ ಎಸೆದರೆ ಅಲ್ಲಿಂದ ನರಿಗೆ. ಪೇಡಾದ ಮುಂದೆ ಹೇಳುವ ಮಾತಲ್ಲ, ಆದರೆ ನನಗೆ ಹುರುಪು ಬಂದಿತ್ತು. ಅಲ್ಲಿನ ಕೆರೆ ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ ಮೇಲೆ ನಾಯಿ, ದನ, ನರಿ ಎಲ್ಲಕ್ಕೂ ಗತಿ ಆ ಕಸದ ಗುಡ್ಡವೇ. "ಕೆರೆ ಮುಚ್ಚಿಸಿದವನಿಗೆ ಈ ಹುಳದ ಮನೆದೇವರ ಸ್ಥಾನ ಕೊಡಬೇಕು" ಎಂದೆ. ಆ ಬಿಲ್ಡರ್ ಮಾಸಿಯ ಸ್ವಂತ ತಮ್ಮ ಎಂಬುದೂ ನನಗೆ ಗೊತ್ತಿರಲಿಲ್ಲ.

ಮಾಸಿ ಸೀಸೆಯನ್ನೇ ನೋಡುತ್ತಾ, "ಇದಕ್ಕೆ ಮದುವೆ?" ಎಂದರು.

"ಬೇಕಿಲ್ಲ ಮಾಸಿ. ಗಂಡೂ ಅದೇ, ಹೆಣ್ಣೂ ಅದೇ."

"ಹಾಗಾದರೆ ಇಬ್ಬರೂ ಖಾಲಿ ಮಾಡಿ. ದೀಪಾವಳಿತನಕ ಕಾಯುವುದು ಬೇಡ."

ಊರೆಲ್ಲ ಅಲೆದೆ. ಬ್ರಹ್ಮಚಾರಿ ಎಂದೊಡನೆ ಎಲ್ಲರೂ ಬಾಗಿಲು ಹಾಕಿಕೊಂಡರು. ಮದುವೆಯ ಮಾತೆತ್ತದೆ ಮನೆ ಕೊಟ್ಟವನು ಒಬ್ಬನೇ, ಮಾಸಿಯ ತಮ್ಮ. ಈಗ ನಾನಿರುವುದು ಆ ಕೆರೆ ಮುಚ್ಚಿ ಕಟ್ಟಿದ ಅಪಾರ್ಟ್‌ಮೆಂಟಿನಲ್ಲೇ. ಗಾಳಿ, ಬೆಳಕು ಚೆನ್ನಾಗಿದೆ. ಬಾಲ್ಕನಿಯೆದುರು ಒಂದು ಕೆರೆಯಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಮೊನ್ನೆ ಅವನ ಹತ್ತಿರವೇ ದೂರಿದೆ.