ಮೂರನೇ ಸಾಲು, ಎಡದಿಂದ ಐದನೆಯವಳು

ದೂರದರ್ಶನ ನುಣ್ಣಗೆ ಅಂತ ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಬೆಟ್ಟದ ಮಾತು ಎಂದು ತಕರಾರು ತೆಗೆಯಬೇಡಿ, ನಮ್ಮೂರು ಶಿಯೆಲಿಯಲ್ಲಿ ಬೆಟ್ಟಕ್ಕಿಂತ ಟಿವಿ ಹೆಚ್ಚು. ಈ ಗಾದೆಗೆ ಸಾಕ್ಷಿಯಾಗಿ ಒಂದು ನಿಜವಾದ ಕತೆ ಹೇಳುತ್ತೇನೆ. ಇದರಲ್ಲಿ ಸುಳ್ಳೆಂದು ಕಂಡದ್ದೆಲ್ಲ ನಡೆದದ್ದು. ನಿಜವೆಂದು ಕಂಡದ್ದನ್ನು ನಾನು ಸೇರಿಸಿರಬಹುದು.

ನಮ್ಮ ಬೇಕೆನ್ ರೈಲ್ವೆಯಲ್ಲಿ ಗಾಲಿ ಬಡಿಯುವವನು. ಗಾಡಿ ಬಂದು ನಿಂತಾಗ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಗಾಲಿಯನ್ನು ಟಣ್ ಎನ್ನಿಸಿ, ಬಿರುಕಿದೆಯೋ ಇಲ್ಲವೋ ಎಂದು ಕಿವಿಯಲ್ಲೇ ಹೇಳುವ ಕೆಲಸ. ಹೆಸರಿನಲ್ಲೇ 'ಬೇಕು' ಇದ್ದರೂ ಜನ್ಮದಲ್ಲಿ ಏನನ್ನೂ ಬೇಕೆನ್ನದ ಮನುಷ್ಯ. ಬೇಕಿದ್ದದ್ದು ಒಂದೇ. ರಾಜಧಾನಿ ಅಸ್ತಾನಾದ ಒಂದು ವಾದ್ಯಗೋಷ್ಠಿಯಲ್ಲಿ ಕೊಬಿಜ್ ಎಂಬ ತಂತಿವಾದ್ಯ ನುಡಿಸುವ ಮಗಳು ಅಕ್‌ಬೋತಾ, ಕಮಾನು ಹಿಡಿದು ಕೂತಾಗ ಅವಳ ಮುಖ ಹೇಗಿರುತ್ತದೆ ಎಂದು ಒಮ್ಮೆ ಸರಿಯಾಗಿ ನೋಡಬೇಕು. ಬೋತಾ ಎಂದರೆ ಒಂಟೆಮರಿ, ಮನೆಯಲ್ಲಿ ಕರೆಯುವುದೂ ಹಾಗೆಯೇ. ಅವಳು ಊರಿಗೆ ಬಂದುಹೋಗಿ ಎರಡು ವರ್ಷವಾಗಿತ್ತು. ಬೇಸಿಗೆಯಲ್ಲಿ ಪರದೇಶದ ಕಛೇರಿ, ಚಳಿಗಾಲದಲ್ಲಿ ತಾಲೀಮು, ನೌರಿಜ್ ಹಬ್ಬಕ್ಕೆ ಟಿವಿ ಕಾರ್ಯಕ್ರಮ. ಅಸ್ತಾನಾ ಕಡೆಯಿಂದ ಬಂದ ಗಾಡಿಯ ಗಾಲಿಗಳನ್ನು ಬೇಕೆನ್ ಸ್ವಲ್ಪ ಮೆಲ್ಲಗೆ ಬಡಿಯುತ್ತಾನೆ ಎಂದು ಸ್ಟೇಷನ್ನಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವನ ಮನೆಯ ಡಬ್ಬಾ ಟಿವಿಯಲ್ಲಿ ಆ ವಾದ್ಯಗೋಷ್ಠಿ ಎಂದರೆ ನೀಲಿ ಉಡುಪು ತೊಟ್ಟ ನಲವತ್ತು ಮಸುಕುಗಳು. ಮೂರು ವರ್ಷದ ಹಿಂದೆ, ಮೊದಲ ನೌರಿಜ್ ಕಾರ್ಯಕ್ರಮದ ದಿನ, ಹೆಂಡತಿ ಕಮ್‌ಶಾತ್ "ನನ್ನ ಒಂಟೆಮರಿ ಎಲ್ಲಿ? ನನಗೆ ಯಾರೂ ಕಾಣ್ತಿಲ್ಲ" ಎಂದು ಮುಸುಮುಸು ಶುರು ಮಾಡಿದಾಗ, ಪಕ್ಕದ ಮನೆ ಟೊಕಾಶ್ ಜಿಗಿದೆದ್ದು ಗಾಜಿನ ಮೇಲೆ ಬೆರಳಿಟ್ಟಿದ್ದ.

"ಅಯ್ಯೋ, ಅಲ್ಲೇ ಕೂತಿದಾಳಲ್ಲಮ್ಮಾ! ಮೂರನೇ ಸಾಲು, ಎಡದಿಂದ ಐದನೆಯವಳು. ಕತ್ತು ಓರೆ ಮಾಡೋದು ನೋಡು, ಥೇಟ್ ಬೇಕೆನ್!"

ಅಂದಿನಿಂದ ಆ ಮಸುಕೇ ಮಗಳು. ಕಮ್‌ಶಾತ್ ಅದಕ್ಕೆ ಮುತ್ತು ತೂರಿದಳು, ಸಣ್ಣಗಾಗಿದ್ದಾಳೆಂದು ಮರುಗಿದಳು, ಗಾಜು ಒರೆಸುವಾಗ ಟೊಕಾಶನ ಬೆರಳಿನ ಗುರುತೊಂದನ್ನು ಬಿಟ್ಟು ಒರೆಸಿದಳು.

ಟೊಕಾಶ್ ಬೇಕೆನ್‌ನ ಕುರ್ದಾಸ್, ಅಂದರೆ ಅದೇ ವರ್ಷ ಹುಟ್ಟಿದವನು. ನಮ್ಮಲ್ಲಿ ಕುರ್ದಾಸ್ ಎಂಥ ಕೀಟಲೆ ಮಾಡಿದರೂ ಮುನಿಸಿಕೊಳ್ಳುವಂತಿಲ್ಲ. ಮುನಿದವನು ಸೋತ. ಒಮ್ಮೆ ಬೇಕೆನ್‌ನ ಸುತ್ತಿಗೆಯ ತಲೆಗೆ ಟೊಕಾಶ್ ಕಂಬಳಿಚೂರು ಅಂಟಿಸಿಬಿಟ್ಟಿದ್ದ. ಇಡೀ ಗಾಡಿಯ ಗಾಲಿಗಳಿಗೆ ಬಿರುಕು ಬಿದ್ದಿದೆಯೆಂದು ಬೇಕೆನ್ ವರದಿ ಬರೆದ. ಆಮೇಲೆ ಅವನೂ ನಗಲೇಬೇಕಾಯಿತು.

ಈ ವರ್ಷ ಹಬ್ಬದ ಕಾರ್ಯಕ್ರಮ ಎಚ್‌ಡಿಯಲ್ಲಿ ಎಂದು ಟಿವಿಯಲ್ಲಿ ಸಾರಿದರು. ಡಿಶ್ಶಿನವರು ಹೋದ ತಿಂಗಳೇ ಹೊಸ ಬಾಕ್ಸ್ ಇಟ್ಟುಹೋಗಿದ್ದರು. ಉಳಿದದ್ದು ಟಿವಿ ಒಂದೇ.

"ರೆಪ್ಪೆಕೂದಲೂ ಎಣಿಸಬೋದಂತೆ ರೀ" ಎಂದಳು ಕಮ್‌ಶಾತ್. ಅಷ್ಟೇ ಹೇಳಿದ್ದು. ಹಬ್ಬದ ದಿನ ಬೆಳಗ್ಗೆ ಬೇಕೆನ್ ಚಪ್ಪಲಿ ಮೆಟ್ಟಿಕೊಂಡು ಹೊರಟ. ಕರೆಯದಿದ್ದರೂ ಟೊಕಾಶ್ ಹಿಂದೆ ಹೊರಟ.

"ಹಳೇದಕ್ಕೆ ಏನಾಗಿದೆಯೋ? ಮಗಳು ಚೆನ್ನಾಗಿ ಕಾಣ್ತಿದಾಳಲ್ಲ!" ಎಂದ ದಾರಿಯುದ್ದಕ್ಕೂ.

ಅಂಗಡಿಯ ಗೋಡೆಯ ತುಂಬ ಮೂವತ್ತು ಟಿವಿ, ಮೂವತ್ತರಲ್ಲೂ ಒಂದೇ ಗಿಳಿ. ಬೇಕೆನ್ ಒಂದೊಂದರ ಬೆನ್ನಿಗೂ ಬೆರಳುಗೆಣ್ಣಿನಿಂದ ಟಕ್ ಎನ್ನಿಸಿ ಕಿವಿಗೊಟ್ಟ. ಅಂಗಡಿಯ ಹೆಂಗಸು, ಡಾಕ್ಟರು ತಮ್ಮದೇ ನಾಡಿ ಹಿಡಿದುಕೊಂಡದ್ದನ್ನು ಕಂಡವಳಂತೆ ನೋಡಿದಳು.

"ಟಿವೀನ ಕಣ್ಣಲ್ಲಿ ನೋಡಿ ಆರಿಸ್ತಾರೆ, ಅಣ್ಣಾ."

"ಕಣ್ಣು ಮೋಸ ಮಾಡತ್ತಮ್ಮ" ಎಂದ ಬೇಕೆನ್. ಆ ಮಾತಿಗೆ ಟೊಕಾಶನಿಗೆ ಯಾಕೋ ಕೆಮ್ಮು ಬಂತು.

ಟೊಕಾಶ್ ಕೈಚೌಕದಷ್ಟಿದ್ದ ಒಂದನ್ನು ತೋರಿಸಿದ. ಬೇಕೆನ್ ಊಟದ ಮೇಜಿನಷ್ಟಿದ್ದದ್ದನ್ನು ಅಪ್ಪಿಕೊಂಡ. ಅಂಗಡಿಯವಳು ಕೇಳಿದಳು, "ವೈರ್ ಯಾವುದು ಕೊಡ್ಲಿ? ನಿಮ್ಮ ಬಾಕ್ಸಿನ ಹಿಂದೆ ಎಂಥ ತೂತಿದೆ?"

"ಮುಂದೆ ಒಂದು ಹಸಿರು ದೀಪ ಇದೆ" ಎಂದ ಬೇಕೆನ್ ಪ್ರಾಮಾಣಿಕವಾಗಿ.

"ಹಳದಿ, ಕೆಂಪು, ಬಿಳಿ! ಮೂರೇ ತೂತು" ಎಂದು ಟೊಕಾಶ್ ನಡುವೆ ಬಾಯಿ ಹಾಕಿದ. "ಆ ವೈರ್ ಮನೇಲೇ ಇದೆ."

"ಆ ಮೂರು ಬಣ್ಣದ್ದರಲ್ಲಿ ಎಚ್‌ಡಿ ಬರಲ್ಲ. ಎಚ್‌ಡಿಎಂಐ ವೈರ್ ಬೇಕು. ಅದೊಂದೇ ಸಾಕು, ಚಿತ್ರ, ಸದ್ದು ಎರಡೂ ಅದರಲ್ಲೇ."

"ಏನಮ್ಮಾ ನೀನು! ಮೂರು ಕುದುರೆ ಕಟ್ಟಿದ ಬಂಡಿ ಬಿಟ್ಟು ಒಂಟಿ ಕತ್ತೆ ಹತ್ತು ಅಂತೀಯಾ? ಬಾರೋ ಬೇಕೆನ್."

ಮೂರು ಒಂದಕ್ಕಿಂತ ಹೆಚ್ಚೆಂಬುದು ಬೇಕೆನ್‌ಗೂ ಸರಿಯೆನಿಸಿತು. ಬಂದ.

ಮನೆಯಲ್ಲಿ ಮೂರು ಬಣ್ಣಗಳನ್ನು ಟೊಕಾಶನೇ ಮುತುವರ್ಜಿಯಿಂದ ಸಿಗಿಸಿದ. ಚಿತ್ರ ಬಂತು. ಅದೇ ಮಸುಕು, ಊಟದ ಮೇಜಿನಷ್ಟು ಅಗಲ.

"ಅಕ್ಕಿಕಾಳಷ್ಟು ಮಬ್ಬಾಗಿದ್ದದ್ದು ಈಗ ಕುಂಬಳಕಾಯಷ್ಟು ಮಬ್ಬಾಯ್ತು" ಎಂದಳು ಕಮ್‌ಶಾತ್. ದನಿ ತಗ್ಗಿತ್ತು.

"ಎಚ್‌ಡಿ ಅಂದ್ರೆ ಅದೇ. ಹಿಗ್ಗಿದ ಡಬ್ಬಾ!" ಎಂದ ಟೊಕಾಶ್.

ಅಷ್ಟರಲ್ಲಿ ಎದುರುಮನೆಯ ಬಲ್ಕಿಯಾ ಅಜ್ಜಿ ಹಬ್ಬದ ನೌರಿಜ್ ಗಂಜಿಯ ಬೋಗುಣಿ ಹಿಡಿದು ಬಂದಳು. ಹೊಸ ಟಿವಿ ಕಂಡದ್ದೇ "ಥೂ ಥೂ, ಎಷ್ಟು ಕಣ್ಣು ಬಿದ್ದಿದಾವೋ!" ಎಂದು ಅದ್ರಸ್ಪಾನ್ ಗಿಡದ ಒಣಕಡ್ಡಿಗೆ ಬೆಂಕಿ ಹಚ್ಚಿ ಟಿವಿಗೆ ಮೂರು ಸುತ್ತು ಹೊಗೆ ಹಾಕಿದಳು. ದೃಷ್ಟಿ ಹೋಯಿತೋ ಗೊತ್ತಿಲ್ಲ, ದೃಶ್ಯ ಮಾತ್ರ ಹೋಯಿತು. ಹೊಗೆಯೊಳಗೆ ಎಲ್ಲರೂ ಕೆಮ್ಮುತ್ತಿದ್ದಾಗ ಟೊಕಾಶ್ ಟಿವಿಯ ಹಿಂದೆ ನುಸುಳಿ "ಸರಿ ಮಾಡ್ತೀನಿ" ಎಂದು ಹಳದಿ ವೈರನ್ನು ಪಕ್ಕದಲ್ಲಿದ್ದ ಹಸಿರು ತೂತಿಗೆ ಚುಚ್ಚಿದ. ಹೊಗೆ ಇಳಿದಾಗ ಜಗತ್ತು ಕಪ್ಪುಬಿಳುಪಾಗಿತ್ತು.

"ಆಹಾ, ನಾನು ಮದುವೆಯಾದ ವರ್ಷ ಹೀಗೇ ಇತ್ತು!" ಅಜ್ಜಿ ಕಾಲು ಚಾಚಿ ದಿಂಬಿಗೊರಗಿದಳು. "ಇದನ್ನ ಮುಟ್ಟಬೇಡಿ, ಚೆನ್ನಾಗಿದೆ."

ಕಾರ್ಯಕ್ರಮಕ್ಕೆ ಒಂದು ಗಂಟೆ ಉಳಿದಿತ್ತು. ಬೇಕೆನ್ ಹಣೆ ಒರೆಸಿಕೊಂಡು ಡಿಶ್ ಬಾಕ್ಸನ್ನೇ ತಿರುಗಿಸಿ ಬೆನ್ನು ನೋಡಿದ. ಮೂರು ಬಣ್ಣದ ತೂತುಗಳ ಪಕ್ಕದಲ್ಲಿ ನದಿಮೀನಿನ ಬಾಯಿಯಂತೆ ಅಗಲವಾದ ನಾಲ್ಕನೆಯದೊಂದು.

"ಲೋ, ಇದೇನೋ?"

"ಅದಾ? ಗಾಳಿ ಆಡಕ್ಕೆ."

"ಟೀವೀಲೂ ಇಂಥದ್ದೇ ಇದೆ!"

"ಅದಕ್ಕೂ ಸೆಖೆ ಆಗಲ್ವೇನೋ?"

ಬೇಕೆನ್ ಬಾಕ್ಸನ್ನು ಕಂಕುಳಲ್ಲಿಟ್ಟು ಓಡಿದ. ಚಪ್ಪಲಿಯೊಂದು ಅಜ್ಜಿಯ ಹೊಸ್ತಿಲಲ್ಲಿ, ಇನ್ನೊಂದು ಕಾಲುವೆಯ ಬದಿಯಲ್ಲಿ ಉಳಿಯಿತು. ಅಂಗಡಿಯವಳು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಅವನ ಬರಿಗಾಲು ನೋಡಿ ಬೀಗ ತೆಗೆದಳು.

"ಅಷ್ಟು ಅರ್ಜೆಂಟಾ, ಅಣ್ಣಾ?"

"ಮಗಳು ಬರ್ತಾಳೆ, ಆರು ಗಂಟೆಗೆ" ಎಂದ ಬೇಕೆನ್. ಹೇಳಿದ ಮೇಲೆ, ಹಾಗಲ್ಲವಲ್ಲ ಎಂದು ಅವನಿಗೇ ಅನ್ನಿಸಿತು. ತಿದ್ದಲು ಮನಸ್ಸಾಗಲಿಲ್ಲ.

ಎಚ್‌ಡಿಎಂಐ ವೈರ್ ತಂದು ಸಿಗಿಸಿದ್ದಾಯಿತು. ಟಿವಿ ಕಡುನೀಲಿಯಾಗಿ 'ಸಿಗ್ನಲ್ ಇಲ್ಲ' ಎಂದಿತು. ಯಾವ ತೂತಿನಿಂದ ಚಿತ್ರ ತರಬೇಕೆಂದು ರಿಮೋಟಿನಲ್ಲಿ ಹೇಳಬೇಕು. ರಿಮೋಟ್ ಇಲ್ಲ! ಕಂಬಳಿ ಕೊಡವಿದರು, ಗಂಜಿಯ ಬೋಗುಣಿಯಲ್ಲೂ ಸೌಟಾಡಿಸಿದರು. ಟೊಕಾಶ್ ತನ್ನ ಜೇಬುಗಳನ್ನು ತಾನೇ ಹೊರಗೆಳೆದು "ನನ್ನಾಣೆ, ಇದು ನನ್ನ ಕೆಲಸ ಅಲ್ಲ" ಎಂದ. ಗೋಡೆ ಗಡಿಯಾರ ಆರು ದಾಟಿತು. ಬೇಕೆನ್ ಸುತ್ತಿಗೆ ತಂದು ಟಿವಿಯ ಮುಂದೆ ನಿಂತ. ಬಡಿಯುವುದಕ್ಕೋ ಕೇಳುವುದಕ್ಕೋ ಅವನಿಗೇ ಗೊತ್ತಿರಲಿಲ್ಲ.

"ಅಯ್ಯೋ ಪಾಪಿ, ನಿಲ್ಲೋ!" ಎಂದು ಅಜ್ಜಿ ದಿಂಬಿನ ಮೇಲೆ ಹೊರಳಿದಳು. ಅವಳ ಕೆಳಗೆ ಏನೋ ಕಟಕ್ ಎಂದಿತು.

ಪರದೆಯ ತುಂಬ ಬೆಳಕು ಬಂತು. ಎಂಥ ಬೆಳಕು! ಡೋಂಬ್ರಾದ ತಂತಿ ತಂತಿಯೂ ಬೇರೆ ಬೇರೆ, ಹಾಡುವವಳ ಕೈಬಳೆಯ ಕಲ್ಲು ಬೇರೆ, ಮುಂದಿನ ಸಾಲಿನವನ ಹಣೆಯ ಬೆವರಿನ ಹನಿ ಬೇರೆ. ಕಮ್‌ಶಾತ್ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕ್ಯಾಮೆರಾ ಮೊದಲ ಸಾಲು ದಾಟಿತು. ಎರಡನೆಯದು. ಮೂರನೇ ಸಾಲು. ಬೇಕೆನ್ ಸುತ್ತಿಗೆಯ ಹಿಡಿಯಿಂದಲೇ ಎಣಿಸಿದ. ಒಂದು, ಎರಡು, ಮೂರು, ನಾಲ್ಕು...

ಐದನೆಯ ಕುರ್ಚಿಯಲ್ಲಿ ಐವತ್ತು ದಾಟಿದ ಗಂಡಸೊಬ್ಬ ಕೂತಿದ್ದ. ಪೊರಕೆಯಂಥ ಮೀಸೆ. ಕತ್ತು ಓರೆ ಮಾಡಿ, ಕಮಾನಿನ ತುದಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ.

ಬಲ್ಕಿಯಾ ಅಜ್ಜಿ ಕಣ್ಣು ಕಿರಿದು ಮಾಡಿ ಹೇಳಿದಳು: "ಸಿಟಿ ಊಟ. ಹುಡುಗಿ ದಪ್ಪ ಆಗಿದಾಳೆ."

"ಅಜ್ಜೀ, ಮೀಸೆ ಇದೆ!" ಎಂದ ಬೇಕೆನ್.

"ಅದು ಅಪ್ಪನ ಕಡೆಯಿಂದ ಬಂದದ್ದು."

ಕಮ್‌ಶಾತ್ ನಿಧಾನವಾಗಿ ಟೊಕಾಶನ ಕಡೆ ತಿರುಗಿದಳು. "ಟೊಕಾಶಣ್ಣ, ಮೂರು ವರ್ಷ! ಈ ಮೀಸೆಗೆ ಮುತ್ತು ಕೊಟ್ಟಿದೀನಿ ನಾನು!"

ಟೊಕಾಶ್ ಆಗಲೇ ಬಾಗಿಲ ಹತ್ತಿರ ಒಂದು ಬೂಟು ಏರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ನಲವತ್ತು ಮುಖಗಳೂ ಒಂದೊಂದಾಗಿ ಸರಿದುಹೋದವು. ಒಬ್ಬಳಿಗೆ ಹಲ್ಲಿನ ಸಂದಿ, ಒಬ್ಬನಿಗೆ ಕೆನ್ನೆಯ ಮೇಲೆ ಮಚ್ಚೆ. ರೆಪ್ಪೆಕೂದಲು ನಿಜವಾಗಿಯೂ ಎಣಿಸಬಹುದಿತ್ತು. ಅಕ್‌ಬೋತಾ ಎಲ್ಲೂ ಇರಲಿಲ್ಲ. ಮೀಸೆಯವನು ಎದ್ದು ಬಾಗಿ ನಮಸ್ಕರಿಸಿದ. ಕಾರ್ಯಕ್ರಮ ಮುಗಿಯಿತು.

ಬೇಕೆನ್‌ನ ಫೋನ್ ಬಡಿದುಕೊಂಡಿತು.

"ಅಪ್ಪಾ! ಈ ಸಲ ಎಚ್‌ಡಿ! ಕಂಡ್ನಾ?"

ಬೇಕೆನ್ ಹೆಂಡತಿಯ ಮುಖ ನೋಡಿದ. "ಕಂಡೆ ಬೋತಾ. ಮೂರನೇ ಸಾಲು, ಎಡದಿಂದ ಐದನೆಯವಳು. ಒಂದು ಮಾತು ಹೇಳ್ಲಾ? ಆ ಮೀಸೆ ಬೋಳಿಸ್ಕೋ."

ಆ ಕಡೆಯಿಂದ ಕಿಸಕ್ ಎಂದೊಂದು ಸದ್ದು.

"ಅಪ್ಪಾ... ನಾನು ದೊಡ್ಡ ನಗಾರಿ ಹಿಂದೆ ಕೂರೋದು. ಮೊದಲಿಂದ್ಲೂ. ಯಾವ ಕ್ಯಾಮೆರಾಕ್ಕೂ ಕಾಣಲ್ಲ. ಟೊಕಾಶ್ ಮಾವ ಆ ಮೊದಲ್ನೇ ದಿನವೇ ಫೋನ್ ಮಾಡಿದ್ರು. 'ನಿಮ್ಮಮ್ಮ ಅಳ್ತಿದ್ಲು, ನಿನಗೊಂದು ಸೀಟು ಕೊಡಿಸಿದೀನಿ, ಕೇಳಿದ್ರೆ ಹೂಂ ಅನ್ನು' ಅಂದ್ರು. ನೀವು ಪ್ರತಿ ಸಲ 'ಕಂಡೆ, ಸಣ್ಣಗಾಗಿದೀಯ' ಅನ್ನೋವಾಗ ಹೂಂ ಅನ್ನೋಕೇ ಚೆನ್ನಾಗಿರ್ತಿತ್ತು."

"ಮೂರು ವರ್ಷ ಇಬ್ರೂ ಸೇರಿ..."

"ಇಬ್ರೂ ಸೇರಿ."

ಬಾಗಿಲಲ್ಲಿ ಟೊಕಾಶ್ ಬೂಟು ಹಿಡಿದೇ ಕಾಯುತ್ತಿದ್ದ. ಕಮ್‌ಶಾತ್ ಖಾಲಿ ಪರದೆಯ ಕಡೆ ನೋಡಿ, "ಆ ಮೀಸೆಯವನ ತಾಯಿ ಎಲ್ಲಿದ್ದಾಳೋ. ಅವಳಿಗಾದ್ರೂ ಇವತ್ತು ಕಣ್ತುಂಬ ಕಂಡಿರಬೇಕು" ಎಂದಳು.

ಮೊದಲು ನಕ್ಕವಳು ಅಜ್ಜಿ, ಯಾಕೆಂದು ತಿಳಿಯದೆಯೇ. ಟೊಕಾಶ್ ಧೈರ್ಯ ಮಾಡಿ ನಕ್ಕ. ಫೋನಿನೊಳಗೆ ಅಕ್‌ಬೋತಾ ತಡೆಯಲಾರದೆ ನಕ್ಕಳು, ಸಣ್ಣವಳಿದ್ದಾಗ ನಗುತ್ತಿದ್ದ ಹಾಗೆಯೇ, ನಡುವೆ ಬಿಕ್ಕಳಿಕೆ ಸೇರಿಸಿಕೊಂಡು. ಅದನ್ನು ಕೇಳಿದ್ದೇ ಬೇಕೆನ್ ಶುರು ಮಾಡಿದ. ಎಲ್ಲರಿಗಿಂತ ಜೋರಾಗಿ, ಗೋಡೆ ಬಡಿದು, ಹೊಟ್ಟೆ ಹಿಡಿದು ನಕ್ಕ. ಟೊಕಾಶ್ ನಿಲ್ಲಿಸಿದ, ಅಜ್ಜಿಗೂ ಸಾಕಾಯಿತು, ಅವನು ಮಾತ್ರ ನಿಲ್ಲಿಸಲಿಲ್ಲ. ತಾನು ನಿಲ್ಲಿಸಿದರೆ ಅವಳೂ ನಿಲ್ಲಿಸಿ, "ಸರಿ ಅಪ್ಪಾ, ಇಡ್ತೀನಿ" ಎಂದುಬಿಡುತ್ತಾಳೆ.